ಹ್ಯಾಂಡಲ್‌ಗೆ ಕಟ್ಟುವ ಚೀಟಿ

ಕೀರ್ತಿ ಸೈಕಲ್ ಹತ್ತುವ ಮೊದಲು ಮೂರು ಕೆಲಸ ಮಾಡುತ್ತಾಳೆ. ಎರಡೂ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ. ಬ್ರೇಕು ಹಿಡಿದು ಬಿಡುತ್ತಾಳೆ. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಒಂದು ಸುತ್ತು ತಿರುಗಿಸಿ, ಅದು ಬ್ರೇಕಿನ ರಬ್ಬರಿಗೆ ಎಲ್ಲಿಯೂ ತಾಗದೆ ಸುತ್ತುವುದನ್ನು ಕಣ್ಣಾರೆ ಕಾಣುತ್ತಾಳೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಸೈಕಲ್ಲಿಲ್ಲದ ಮನೆಯಿಲ್ಲ. ಆದರೆ ಆ ಮೂರು ಮಹಡಿಯ ಕಟ್ಟಡದಲ್ಲಿ ದಿನವೂ ಈ ಪರೀಕ್ಷೆ ನಡೆಸುವವಳು ಈ ಹದಿನೈದರ ಹುಡುಗಿ ಒಬ್ಬಳೇ. ಕಳೆದ ವರ್ಷದಿಂದ ನೆರೆಯ ನಾಲ್ಕು ಮನೆಯವರು ಚಕ್ರ ಬೆಂಡಾದರೆ ಅಂಗಡಿಗೆ ಹೋಗುವುದನ್ನು ಬಿಟ್ಟು ಇವಳ ಮನೆಯ ಗಂಟೆ ಒತ್ತುತ್ತಾರೆ.

ಈ ವಿದ್ಯೆ ಬಂದದ್ದು ನಂಜನಗೂಡಿನಿಂದ. ತಾಯಿಯ ತಂದೆ ರಾಜಣ್ಣನವರಿಗೆ ಅಲ್ಲಿ ಸೈಕಲ್ ಅಂಗಡಿಯಿದೆ. ಒಂಬತ್ತು ವರ್ಷದವಳಿದ್ದಾಗ ಕೀರ್ತಿ ಶಾಲೆಯ ಬೇಸಿಗೆ ರಜೆಯ ಆರು ವಾರಗಳನ್ನೂ ಆ ಅಂಗಡಿಯ ಮರದ ಪೆಟ್ಟಿಗೆಯ ಮೇಲೆ ಕುಳಿತು ಕಳೆದಳು. ಅವಳಿಗೆ ಆಟಿಸಂ ಇದೆಯೆಂದು ವೈದ್ಯರು ಬರೆದುಕೊಟ್ಟದ್ದು ಅದೇ ವರ್ಷ. ರಾಜಣ್ಣನವರು ಆ ಕಾಗದವನ್ನು ಓದಲಿಲ್ಲ, ಓದಿಸಿಕೊಳ್ಳಲೂ ಇಲ್ಲ. ಮೊಮ್ಮಗಳ ಕೈಗೆ ಸ್ಪೋಕು ಬಿಗಿಯುವ ಪುಟ್ಟ ಕೀ ಕೊಟ್ಟು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡವೆಂದರು. ಅವಳು ಇಂದಿಗೂ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಿಲ್ಲ.

ಆ ಅಂಗಡಿಯ ಇನ್ನೊಂದು ಕ್ರಮವೂ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ರಿಪೇರಿಗೆ ಬಂದ ಪ್ರತಿಯೊಂದು ಸೈಕಲ್ಲಿನ ಹ್ಯಾಂಡಲ್‌ಗೆ ರಾಜಣ್ಣನವರು, ಟ್ಯೂಬಿನ ಡಬ್ಬಿಯಿಂದ ಕತ್ತರಿಸಿದ ರಟ್ಟಿನ ಚೀಟಿಯೊಂದನ್ನು ದಾರದಿಂದ ಕಟ್ಟುತ್ತಿದ್ದರು. ಅದರ ಮೇಲೆ ಬರೆಯುವುದು ದೋಷಗಳನ್ನು ಮಾತ್ರ. ಬಣ್ಣ ಮಾಸಿಲ್ಲ, ಬೆಲ್ಲು ಹೊಸದು ಎಂದು ಗಿರಾಕಿ ಎಷ್ಟು ಹೇಳಿಕೊಂಡರೂ ಅದಕ್ಕೆ ಚೀಟಿಯಲ್ಲಿ ಜಾಗವಿರಲಿಲ್ಲ. ಕೆಲಸ ಮುಗಿದ ಮೇಲೆ ಚೀಟಿಯನ್ನು ಹರಿದು ಎಸೆಯುತ್ತಿದ್ದರು. ಅದಕ್ಕೆ ಮೊದಲು ಯಾರೂ ಅದನ್ನು ಬಿಚ್ಚುವಂತಿರಲಿಲ್ಲ.

ಶಾಲೆಯಲ್ಲಿ ಕೀರ್ತಿಗೆ ಗುಡ್ರುನ್ ಇದ್ದಾರೆ. ಆಕೆ ಶಿಕ್ಷಕಿಯಲ್ಲ, ಶಾಲೆಯ ಹೊತ್ತಿನಲ್ಲಿ ಮಗುವಿನ ಜೊತೆಗಿರಲೆಂದು ಸರಕಾರದ ಕಡೆಯಿಂದ ನೇಮಕವಾದ ಸಹಾಯಕಿ. ಷೂಲ್‌ಬೆಗ್ಲೈಟುಂಗ್ ಎಂಬುದು ಆ ಏರ್ಪಾಡಿನ ಹೆಸರು. ಐವತ್ತೆಂಟರ ಗುಡ್ರುನ್ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತು ಕಾಲುಚೀಲ ಹೆಣೆಯುತ್ತಿರುತ್ತಾರೆ. ನೋಡಿದವರಿಗೆ ಆಕೆ ಏನೂ ಮಾಡುತ್ತಿಲ್ಲವೆಂದೇ ಅನ್ನಿಸಬೇಕು. ಶಿಕ್ಷಕರೊಬ್ಬರು ರಜೆ ಹಾಕಿ ಮೂರನೆಯ ಪಿರಿಯಡ್ಡು ಬೇರೆ ಕೋಣೆಗೆ ಹೋದರೆ ಬೆಳಿಗ್ಗೆಯೇ ಗೇಟಿನ ಬಳಿ ನಿಂತು ತಿಳಿಸುವವರು ಆಕೆ. ನಾಲ್ವರ ಗುಂಪಿನಲ್ಲಿ ಎಲ್ಲರೂ ಒಮ್ಮೆಗೇ ಬಾಯಿ ತೆರೆದಾಗ, ಯಾರು ಏನು ಮಾಡಬೇಕೆಂಬುದನ್ನು ಹಾಳೆಯಲ್ಲಿ ಬರೆದು ಕೀರ್ತಿಯ ಮುಂದಿಡುವವರೂ ಆಕೆಯೇ. ಊಟದ ಬಿಡುವಿನಲ್ಲಿ ಹಳೆಯ ಭೂಪಟಗಳನ್ನು ಸುತ್ತಿಟ್ಟ ಕೋಣೆಯ ಬೀಗ ತೆಗೆಯುತ್ತಾರೆ. ಏಳುನೂರು ಮಕ್ಕಳ ಗದ್ದಲದಿಂದ ದೂರವಾಗಿ ಅಲ್ಲಿ ಕೀರ್ತಿ ತಣ್ಣಗಾದ ಅಕ್ಕಿರೊಟ್ಟಿ ತಿನ್ನುತ್ತಾಳೆ. ಈರುಳ್ಳಿಯಿಲ್ಲದ ಅಕ್ಕಿರೊಟ್ಟಿ, ಎರಡು, ನಾಲ್ಕಾಗಿ ಮಡಚಿದ್ದು. ಇಷ್ಟು ನೆಟ್ಟಗಿದ್ದರೆ ಮಿಕ್ಕದ್ದೆಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಗಣಿತದಲ್ಲಿ ಅವಳಿಗೆ ಬರುವುದು ಒಂದು. ಜರ್ಮನಿಯ ಶಾಲೆಯಲ್ಲಿ ಒಂದೆಂದರೆ ಎಲ್ಲಕ್ಕಿಂತ ಮೇಲಿನ ಅಂಕ.

ತಾಯಿ ವಂದನಾ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ಜನರ ತಂಡವನ್ನು ನಡೆಸುತ್ತಾಳೆ. ಸೈಕಲ್ ಅಂಗಡಿಯವನ ಮಗಳೆಂದು ಮೈಸೂರಿನ ಹಾಸ್ಟೆಲ್ಲಿನಲ್ಲಿ ಕೇಳಿಸಿಕೊಂಡ ಮಾತಿಗೆ ಅವಳು ಬಾಯಿಂದ ಉತ್ತರ ಕೊಟ್ಟವಳಲ್ಲ. ಇಂಜಿನಿಯರಿಂಗ್‌ನ ಪದಕದಿಂದ ಕೊಟ್ಟವಳು. ಮನೆಯ ಕೊರತೆಯನ್ನು ಹೊರಗಿನವರ ಮುಂದೆ ಹರವಬಾರದೆಂದು ಅಂಥವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುಡ್ರುನ್ ಅವರ ಸಹಾಯ ಮುಂದುವರಿಯಬೇಕೇ ಎಂಬುದು ವರ್ಷಕ್ಕೊಮ್ಮೆ ತೀರ್ಮಾನವಾಗುತ್ತದೆ. ಹಿಂದೆಲ್ಲ ಆ ಮಾತುಕತೆ ಶಾಲೆಯಲ್ಲೇ ನಡೆಯುತ್ತಿತ್ತು. ತರಗತಿಯ ಶಿಕ್ಷಕರೂ ಗುಡ್ರುನ್ ಅವರೂ ಹೇಳಬೇಕಾದ್ದನ್ನು ಹೇಳುತ್ತಿದ್ದರು, ತಂದೆತಾಯಿ ಸಹಿ ಹಾಕುತ್ತಿದ್ದರು. ಈ ಫೆಬ್ರವರಿಯಲ್ಲಿ ಫ್ರೌ ಷ್ಟಾಲ್‌ಮನ್ ಎಂಬ, ಸಹಾಯ ಮಂಜೂರು ಮಾಡುವ ಕಚೇರಿಯ ಹೊಸ ಮಹಿಳಾ ಅಧಿಕಾರಿ, ಹುಡುಗಿಯನ್ನು ಮನೆಯಲ್ಲೇ ಕಂಡು ಮಾತಾಡುವುದಾಗಿ ಬರೆದರು.

ವಂದನಾ ಎರಡು ದಿನ ರಜೆ ಹಾಕಿದಳು. ಪರದೆಗಳನ್ನು ಒಗೆದು ಹಾಕಿದಳು. ಬೆಳಿಗ್ಗೆ ಎದ್ದು ಕೇಸರಿಬಾತು ಕೆದಕಿದಳು, ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು, ಡಿಕಾಕ್ಷನ್ ಇಳಿಸಿದಳು. ಕೀರ್ತಿಯ ಕೈಗೆ ನೀಲಿ ರೇಷ್ಮೆಯ ಕುರ್ತಾ ಬಂತು. ಅದರ ಕೊರಳಿನ ಕಸೂತಿ ಇರುವೆ ಕಚ್ಚಿದಂತೆ ಚುಚ್ಚುತ್ತದೆಂದು ಅವಳು ಹೇಳಿದ್ದು ಆ ದಿನ ಲೆಕ್ಕಕ್ಕೆ ಬರಲಿಲ್ಲ. ಗಣಿತ ಸ್ಪರ್ಧೆಯ ಎರಡು ಪ್ರಶಸ್ತಿಪತ್ರಗಳು ಟೀಪಾಯಿಯ ಮೇಲೆ, ಬಂದವರಿಗೆ ನೇರವಾಗಿ ಕಾಣುವಂತೆ ಕುಳಿತವು. ಕೇಳಿದರೆ ಮಾತ್ರ ಮಾತಾಡು ಎಂದು ವಂದನಾ ಮಗಳಿಗೆ ಹೇಳಿದಳು. ಕೀರ್ತಿಗೆ ಹೇಳಿದ ಮಾತು ಹೇಳಿದ ಹಾಗೆಯೇ ನಡೆಯುತ್ತದೆ.

ಫ್ರೌ ಷ್ಟಾಲ್‌ಮನ್ ಒಂದೊಂದಾಗಿ ಕೇಳಿದರು, ವಂದನಾ ಒಂದೊಂದಕ್ಕೂ ಉತ್ತರಿಸಿದಳು. ಬಿಡುವಿನ ಹೊತ್ತು ಗೆಳತಿಯರ ಜೊತೆ ಕಳೆಯುತ್ತಾಳೆ. ಕೋಣೆ, ವೇಳೆ ಬದಲಾದರೆ ಹೊಂದಿಕೊಳ್ಳುತ್ತಾಳೆ. ಗುಂಪಿನಲ್ಲಿ ಎಲ್ಲರೊಂದಿಗೆ ಬೆರೆತು ಕೆಲಸ ಮಾಡುತ್ತಾಳೆ. ಮನೆಗೆ ಬಂದ ಮೇಲೆ ನನಗೆ ಅಡುಗೆಯಲ್ಲಿ ಸಹಾಯ ಮಾಡುತ್ತಾಳೆ. ಕುರ್ಚಿಯ ತುದಿಯಲ್ಲಿ ಕುಳಿತ ಕೀರ್ತಿ ಬೆರಳು ಮಡಚಿ ಎಣಿಸಿದಳು: ನಾಲ್ಕು. ನಾಲ್ಕೂ ನಿಜವಲ್ಲ. ಆದರೆ ಯಾರೂ ಅವಳನ್ನು ಕೇಳಿರಲಿಲ್ಲ.

ಕೊನೆಗೆ ಅಧಿಕಾರಿ ಅವಳ ಕಡೆ ತಿರುಗಿ, ಶಾಲೆಯಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತಿದೆಯೇ ಎಂದು ಕೇಳಿದರು. ಕೀರ್ತಿ ಯೋಚಿಸಿದಳು. ಗುಡ್ರುನ್ ದಿನವೂ ಬರುತ್ತಿದ್ದಾರೆ. ಭೂಪಟಗಳ ಕೋಣೆ ತೆರೆಯುತ್ತಿದೆ. ಆ ವಾರ ಯಾವ ಕೋಣೆಯೂ ಬದಲಾಗಿಲ್ಲ. ಹೌದೆಂದಳು. ಅದು ಅಪ್ಪಟ ನಿಜ. ಗುಡ್ರುನ್ ಇಲ್ಲದಿದ್ದರೆ ಹೇಗಿರುತ್ತದೆಂದು ಕೇಳಿದ್ದರೆ ಅವಳು ಬೇರೆಯದನ್ನೇ ಹೇಳುತ್ತಿದ್ದಳು.

ಅಧಿಕಾರಿ ಕೇಸರಿಬಾತನ್ನು ಎರಡನೆಯ ಸಲ ಹಾಕಿಸಿಕೊಂಡು ತಿಂದು, ಮಾಡುವ ಕ್ರಮವನ್ನು ಬರೆದುಕೊಂಡು ಹೋದರು. ವಂದನಾ ಬಾಗಿಲು ಹಾಕಿ ಸೆರಗಿಲ್ಲದ ಭುಜವನ್ನೇ ಒಮ್ಮೆ ಸರಿಪಡಿಸಿಕೊಂಡಳು.

ಮಾರ್ಚ್ ಮುಗಿಯುವ ಹೊತ್ತಿಗೆ ಎರಡು ಪುಟದ ಪತ್ರ ಬಂತು. ಹುಡುಗಿ ಶಾಲೆಯ ಬದುಕಿಗೆ ಪೂರ್ತಿ ಹೊಂದಿಕೊಂಡಿರುವುದರಿಂದ ಸೆಪ್ಟೆಂಬರಿನಿಂದ ಜೊತೆಗಾರ್ತಿಯ ಅಗತ್ಯವಿಲ್ಲ. ಒಪ್ಪಿಗೆಯಿಲ್ಲದಿದ್ದರೆ ಒಂದು ತಿಂಗಳೊಳಗೆ ಆಕ್ಷೇಪ ಸಲ್ಲಿಸಬಹುದು. ಪತ್ರ ಓದಿದ ಮೊದಲ ಗಳಿಗೆಯಲ್ಲಿ ವಂದನಾಳ ಮುಖ ಅರಳಿತು. ಪರಿಣಾಮ ಹೊಳೆದದ್ದು ಎರಡನೆಯ ಓದಿನಲ್ಲಿ. ಗಂಡ ಸ್ವರೂಪ್ ಒಂದೇ ಸಲ ಓದಿ ಪತ್ರವನ್ನು ಮೇಜಿನ ಮೇಲಿಟ್ಟ.

"ಹೆಣ್ ನೋಡೋಕೆ ಬಂದವ್ರಿಗೆ ಉಪ್ಪಿಟ್ಟು ಕೇಸರಿಬಾತ್ ಕೊಟ್ಟಂಗಾಯ್ತು ನೋಡು," ಎಂದ. "ಹುಡುಗಿ ತುಂಬಾ ಚೆನ್ನಾಗಿದಾಳೆ, ನಮ್ ಸಹಾಯ ಏನೂ ಬೇಡ ಅಂತ ಬರ್ದು ಕಳ್ಸಿದಾರೆ."

ವಂದನಾಳಿಗೆ ನಗು ಬರಲಿಲ್ಲ. ನಿನ್ನ ಆಫೀಸಿಗೆ ಯಾರಾದರೂ ಬಂದು ಪ್ರಾಜೆಕ್ಟ್ ಹೇಗಿದೆ ಎಂದರೆ ಹಾಳಾಗಿದೆ ಎನ್ನುತ್ತೀಯಾ ಎಂದು ಅವನಿಗೆ ತಿರುಗಿಸಿ ಕೇಳಿದಳು.

ಆ ಸಂಜೆ ಕೀರ್ತಿ ಪೆನ್ಸಿಲ್ ಹಿಡಿದು ಪತ್ರವನ್ನು ಓದಿ ಐದು ಸಾಲುಗಳ ಕೆಳಗೆ ಗೆರೆ ಎಳೆದಳು. ಬಳಿಕ ಅದನ್ನು ತಾಯಿಯ ಮುಂದಿಟ್ಟಳು.

"ಅಮ್ಮ, ಇದ್ರಲ್ಲಿ ನಾಲ್ಕು ನೀನ್ ಹೇಳಿದ್ದು. ನಾಲ್ಕೂ ಸುಳ್ಳು. ಐದನೇದು ನಾನ್ ಹೇಳಿದ್ದು. ನಿಜ, ಆದ್ರೆ ಉಪಯೋಗ ಇಲ್ಲ."

"ಸುಳ್ಳಲ್ಲ ಕಣೆ ಅದು. ಮನೆಗೆ ಬಂದವ್ರ ಮುಂದೆ ಹಾಗೇ ಹೇಳೋದು."

"ಅವ್ರು ಬರ್ಕೊಳ್ಳೋಕೆ ಬಂದಿದ್ರು," ಎಂದಳು ಕೀರ್ತಿ.

ವಂದನಾ ಆಕ್ಷೇಪ ಬರೆಯಲಿಲ್ಲ. ಮಗಳಿಗೆ ಇನ್ನೇನು ಹದಿನಾರು ತುಂಬುತ್ತದೆ, ಎಷ್ಟು ವರ್ಷ ಬೆನ್ನ ಹಿಂದೆ ಒಬ್ಬರು ಕೂತಿರಬೇಕು, ನಮ್ಮ ಮಗು ನಿಭಾಯಿಸುತ್ತದೆ ಎಂದು ಗಂಡನಿಗೂ ತನಗೂ ಹೇಳಿಕೊಂಡಳು. ಪತ್ರ ಫ್ರಿಜ್ಜಿನ ಮೇಲೆ, ಬ್ರೆಡ್ಡಿನ ಡಬ್ಬಿಯ ಕೆಳಗೆ ಸೇರಿತು. ಕೀರ್ತಿ ತನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಆಕ್ಷೇಪಕ್ಕಿದ್ದ ಒಂದು ತಿಂಗಳ ಕೊನೆಯ ದಿನಕ್ಕೆ ಕೆಂಪು ಚೌಕ ಹಾಕಿ, ದಿನಕ್ಕೊಂದು ಮನೆಗೆ ಗೀಟು ಹಾಕುತ್ತ ಬಂದಳು. ಸಹಿ ಹಾಕುವ ವಯಸ್ಸು ಅವಳದಲ್ಲ.

ಈಸ್ಟರ್ ರಜೆ ಮುಗಿದ ವಾರ ಗುಡ್ರುನ್ ಜ್ವರ ಬಂದು ಎರಡು ದಿನ ಮಲಗಿದರು. ಮಂಗಳವಾರ ಗೇಟಿನ ಬಳಿ ಯಾರೂ ಇರಲಿಲ್ಲ. ಅಂದು ಮೂರು ಮತ್ತು ನಾಲ್ಕನೆಯ ಪಿರಿಯಡ್ಡಿನಲ್ಲಿ ಗಣಿತದ ದೊಡ್ಡ ಪರೀಕ್ಷೆ. ವೇಳಾಪಟ್ಟಿಯಲ್ಲಿ ಕೋಣೆ ೨೧೨. ಬೆಳಿಗ್ಗೆ ಆ ಕೋಣೆಯ ಹೀಟರು ಕೆಟ್ಟು ಪರೀಕ್ಷೆಯನ್ನು ೧೧೮ಕ್ಕೆ ಬದಲಿಸಿದ್ದರು. ಬದಲಾವಣೆ ಹಜಾರದ ಟಿವಿ ಪರದೆಯ ಮೇಲೆ ಬಂದಿತ್ತು. ಪರದೆಯ ಕೆಳಗೆ ಇನ್ನೂರು ಮಕ್ಕಳು ಕೂಗಾಡುತ್ತಿದ್ದರು. ಕೀರ್ತಿ ಹಜಾರವನ್ನು ಬಳಸಿಕೊಂಡು ಹೋಗಿ ೨೧೨ರ ಮುಂದೆ ನಿಂತಳು. ಬಾಗಿಲಿಗೆ ಬೀಗ. ವೇಳಾಪಟ್ಟಿಯಲ್ಲಿ ೨೧೨ ಎಂದಿದೆ. ಅವಳು ಬಾಗಿಲ ಹಿಡಿಯನ್ನು ಹಿಡಿದುಕೊಂಡು ನಿಂತಳು.

ಪರೀಕ್ಷೆಗೆ ಅವಳು ಬಾರದ್ದನ್ನು ಕಂಡು ಹುಡುಕಿದರು. ನಾಲ್ಕನೆಯ ಪಿರಿಯಡ್ಡಿನಲ್ಲಿ ಅವಳು ಸಿಕ್ಕಳು, ಆದರೆ ಎಷ್ಟು ಕರೆದರೂ ಕದಲಲಿಲ್ಲ. ಶಾಲೆಯಿಂದ ವಂದನಾಳಿಗೆ ಫೋನು ಹೋಯಿತು. ಅವಳು ಮೀಟಿಂಗ್ ಬಿಟ್ಟು, ಆಫೀಸಿನ ಬಟ್ಟೆಯಲ್ಲೇ ಸೈಕಲ್ ತುಳಿದು ಬಂದಳು. ಮಗಳ ಬೆರಳುಗಳು ಹಿಡಿಯ ಮೇಲೆ ಬೆಳ್ಳಗಾಗಿದ್ದವು.

"ಬಾ ಕಂದ, ಮನೆಗೆ ಹೋಗಣ."

"ಇನ್ನೂ ಎರಡು ನಿಮಿಷ ಇದೆ. ಬೆಲ್ಲಾಗಿಲ್ಲ."

ವಂದನಾ ಎಳೆಯಲಿಲ್ಲ. ಬ್ಯಾಗು ಕೆಳಗಿಟ್ಟು ಮಗಳ ಪಕ್ಕದಲ್ಲಿ ನಿಂತಳು. ಖಾಲಿ ಕಾರಿಡಾರಿನಲ್ಲಿ ಆ ಎರಡು ನಿಮಿಷಗಳು ಕಳೆಯುವಷ್ಟರಲ್ಲಿ, ಫೆಬ್ರವರಿಯಲ್ಲಿ ತಾನು ಕೊಟ್ಟ ಉತ್ತರಗಳೆಲ್ಲ ಅವಳಿಗೆ ಒಂದೊಂದಾಗಿ ಕೇಳಿಸಿದವು. ಬೆಲ್ಲು ಹೊಡೆಯಿತು. ಕೀರ್ತಿ ಹಿಡಿ ಬಿಟ್ಟು ಹೊರಟಳು.

ಪರೀಕ್ಷೆಯನ್ನು ಇನ್ನೊಂದು ದಿನ ಬರೆಯಲು ಶಿಕ್ಷಕರು ಒಪ್ಪಿದರು. ಅದು ದೊಡ್ಡ ಮಾತಾಗಲಿಲ್ಲ. ಸೆಪ್ಟೆಂಬರಿನಿಂದ ಪ್ರತಿ ಮಂಗಳವಾರವೂ ಇಂಥದೇ ಮಂಗಳವಾರವಾಗಬಹುದು ಎಂಬುದು ದೊಡ್ಡ ಮಾತಾಯಿತು.

ಭಾನುವಾರ ನಂಜನಗೂಡಿಗೆ ವಿಡಿಯೊ ಕರೆ ಮಾಡುವ ದಿನ. ವಂದನಾ ಎಂದೂ ತಂದೆಗೆ ಮಗಳ ಶಾಲೆಯ ತಾಪತ್ರಯ ಹೇಳಿದವಳಲ್ಲ. ಅಂದು ಕೇಸರಿಬಾತಿನಿಂದ ಹಿಡಿದು ೨೧೨ರ ಬಾಗಿಲವರೆಗೆ ಎಲ್ಲವನ್ನೂ ಹೇಳಿದಳು. ರಾಜಣ್ಣನವರು ಅಂಗಡಿಯಲ್ಲಿ, ಮೊಣಕಾಲ ನಡುವೆ ಚಕ್ರವೊಂದನ್ನು ಇಟ್ಟುಕೊಂಡೇ ಕೇಳಿದರು.

"ಅಲ್ಲ ಕಣವ್ವ, ಗಿರಾಕಿ ಬಂದು ನನ್ ಸೈಕಲ್ಗೆ ಏನೂ ಆಗಿಲ್ಲ, ಬಣ್ಣ ನೋಡಿ ಎಷ್ಟ್ ಚೆಂದಾಗದೆ ಅಂದ್ರೆ ನಾನೇನ್ ಮಾಡ್ಲಿ? ಒರ್ಸಿ ವಾಪಸ್ ಕೊಡ್ತೀನಿ. ಆ ಯಮ್ಮನೂ ಅದ್ನೇ ಮಾಡವ್ಳೆ."

"ಹಾಗಂತ ಮಗಳ ಕೊರತೆನೆಲ್ಲ ಪಟ್ಟಿ ಮಾಡಿ ಅವ್ರ ಕೈಗೆ ಕೊಡ್ಲಾ ಅಪ್ಪ?"

"ಚೀಟಿ ಬರ್ಯೋದು ಸೈಕಲ್ನ ಬೈಯಕ್ಕಲ್ಲ ಕಣವ್ವ," ಎಂದರು ರಾಜಣ್ಣ. "ಎಲ್ ಕೈ ಹಾಕ್ಬೇಕು ಅಂತ ಗೊತ್ತಾಗ್ಲಿ ಅಂತ."

ಪಕ್ಕದಲ್ಲಿದ್ದ ಕೀರ್ತಿ ಎದ್ದು ನೆಲಮಾಳಿಗೆಗೆ ಇಳಿದಳು. ಅಲ್ಲಿದ್ದ ಟ್ಯೂಬಿನ ಡಬ್ಬಿಯನ್ನು ಬಿಚ್ಚಿ, ಅಂಗೈಯಗಲದ ರಟ್ಟು ಕತ್ತರಿಸಿ, ಮೂಲೆಯಲ್ಲಿ ತೂತು ಹಾಕಿ ದಾರ ಪೋಣಿಸಿದಳು. ಬರೆಯುವುದಕ್ಕೆ ಅವಳಿಗೆ ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಸ್ವರೂಪ್ ಆಕ್ಷೇಪದ ಪತ್ರ ಸಿದ್ಧಮಾಡಿದ. ಕೆಂಪು ಚೌಕಕ್ಕೆ ಐದು ದಿನ ಉಳಿದಿರುವಾಗ ವಂದನಾ ಸಹಿ ಹಾಕಿ, ತಾನೇ ಹೋಗಿ ಅಂಚೆಗೆ ಹಾಕಿ ಬಂದಳು.

ಮೇ ತಿಂಗಳಲ್ಲಿ ಕಚೇರಿಯ ಪುಟ್ಟ ಕೋಣೆಯಲ್ಲಿ ಎಲ್ಲರೂ ಸೇರಿದರು. ಈ ಸಲ ತಿಂಡಿಯಿರಲಿಲ್ಲ. ಕೀರ್ತಿ ತನ್ನ ಬೂದು ಬಣ್ಣದ ಹತ್ತಿಯ ಅಂಗಿ ತೊಟ್ಟಿದ್ದಳು. ಫ್ರೌ ಷ್ಟಾಲ್‌ಮನ್ ಕಡತ ತೆರೆದರು. ಗುಡ್ರುನ್ ಕಾಲುಚೀಲವನ್ನು ಚೀಲದೊಳಗೆ ಇಟ್ಟರು. ವಂದನಾ ಅಭ್ಯಾಸಬಲದಿಂದ, ಇವಳು ಓದಿನಲ್ಲಿ ಎಂದು ಮಾತು ಆರಂಭಿಸಿದಳು. ಅಷ್ಟರಲ್ಲಿ ಕೀರ್ತಿ ಜೇಬಿನಿಂದ ಚೀಟಿ ತೆಗೆದು, ಕಟ್ಟಲು ಹ್ಯಾಂಡಲ್ ಎಲ್ಲಿದೆಯೆಂದು ಸುತ್ತ ನೋಡಿ, ತಾನು ಕುಳಿತ ಕುರ್ಚಿಯ ತೋಳಿಗೆ ಅದನ್ನು ಕಟ್ಟಿದಳು. ಬಳಿಕ ಬಗ್ಗಿ, ಜರ್ಮನ್ ಭಾಷೆಯಲ್ಲಿ ತಾನು ಬರೆದದ್ದನ್ನು ಓದಿದಳು.

"ಒಂದು. ಕೋಣೆ ಬದಲಾದರೆ ನಾನಾಗಿ ಹೊಸ ಕೋಣೆಗೆ ಹೋಗುವುದಿಲ್ಲ, ಪರೀಕ್ಷೆಯಿದ್ದರೂ. ಎರಡು. ನಾಲ್ವರು ಒಟ್ಟಿಗೆ ಮಾತಾಡಿದರೆ ನನಗೆ ಒಬ್ಬರದೂ ಕೇಳಿಸುವುದಿಲ್ಲ. ಮೂರು. ಬಿಡುವಿನಲ್ಲಿ ನಾನು ಗೆಳತಿಯರೊಂದಿಗೆ ಇರುವುದಿಲ್ಲ, ಭೂಪಟಗಳ ಕೋಣೆಯಲ್ಲಿ ಇರುತ್ತೇನೆ. ಅದು ದೋಷವಲ್ಲ. ಬೀಗ ದೋಷ. ನಾಲ್ಕು. ಚೆನ್ನಾಗಿದೆಯೇ ಎಂದು ಯಾರಾದರೂ ಕೇಳಿದರೆ ಆ ವಾರದ ಬಗ್ಗೆ ಮಾತ್ರ ಉತ್ತರ ಕೊಡುತ್ತೇನೆ."

ಚೀಟಿಯನ್ನು ತಿರುಗಿಸಿದಳು. ಹಿಂಬದಿಯಲ್ಲಿ ರಿಪೇರಿಯ ಕ್ರಮವಿತ್ತು. ಬದಲಾವಣೆಯನ್ನು ಶಾಲೆಯ ಕಚೇರಿಯವರು ಬೆಳಿಗ್ಗೆ ಕಾಗದದಲ್ಲಿ ಅಚ್ಚುಮಾಡಿ ಕೊಟ್ಟರೆ, ಆಗಸ್ಟಿನ ಬೇಸಿಗೆ ರಜೆಗೆ ಮೊದಲೇ ಅಭ್ಯಾಸ ಮಾಡಿ ತಾನೇ ಹೋಗಬಲ್ಲಳು. ಭೂಪಟಗಳ ಕೋಣೆಯ ಕೀ ತನ್ನ ಕೈಗೇ ಕೊಟ್ಟರೆ ಬಿಡುವಿಗೆ ಗುಡ್ರುನ್ ಬೇಡ. ಗುಂಪಿನ ಕೆಲಸಕ್ಕೂ ಪ್ರಯೋಗಶಾಲೆಗೂ ಬೇಕೇ ಬೇಕು. ಈಗಿರುವುದು ವಾರಕ್ಕೆ ಇಪ್ಪತ್ತಾರು ಗಂಟೆ. ಹತ್ತನೆಯ ತರಗತಿಗೆ ಹದಿನಾರು ಸಾಕು.

ಅಧಿಕಾರಿ ಹದಿನಾರೆಂಬುದನ್ನು ಕಡತದಲ್ಲಿ ಬರೆದುಕೊಂಡರು. ಆಮೇಲೆ, ಇದಕ್ಕೆ ನಿಮ್ಮ ಒಪ್ಪಿಗೆಯಿದೆಯೇ ಎಂದು ವಂದನಾಳನ್ನು ಕೇಳಿದರು.

ವಂದನಾ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಹನ್ನೊಂದು ಜನರ ತಂಡಕ್ಕೆ ಕೆಟ್ಟ ಸುದ್ದಿ ಹೇಳುವಾಗಿನ ದನಿಯಲ್ಲಿ, ಒಪ್ಪಿಗೆಯಿದೆಯೆಂದೂ, ಐದನೆಯದೊಂದು ಬಿಟ್ಟುಹೋಗಿದೆಯೆಂದೂ ಹೇಳಿದಳು.

"ಶಾಲೆಯಿಂದ ಬಂದ ಮೇಲೆ ಇವಳು ದಿನವೂ ಒಂದು ಗಂಟೆ ಊಟದ ಮೇಜಿನ ಕೆಳಗೆ ಕಂಬಳಿ ಹೊದ್ದು ಮಲಗುತ್ತಾಳೆ. ಅಡುಗೆಗೆ ಸಹಾಯ ಮಾಡುತ್ತಾಳೆಂದು ನಾನು ಫೆಬ್ರವರಿಯಲ್ಲಿ ನಿಮಗೆ ಹೇಳಿದ್ದು ಸುಳ್ಳು."

"ನಲವತ್ತು ನಿಮಿಷ," ಎಂದು ಕೀರ್ತಿ ತಿದ್ದಿದಳು. "ಗುಡ್ರುನ್ ಇಲ್ಲದ ಆ ಎರಡು ದಿನ ಮಾತ್ರ ಎರಡೂವರೆ ಗಂಟೆ."

ಫ್ರೌ ಷ್ಟಾಲ್‌ಮನ್ ಆ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದುಕೊಂಡು ಅಡಿಗೆರೆ ಎಳೆದರು. ಅನಂತರ, ಕಡತಕ್ಕೆ ಸೇರಿಸಲು ಆ ಚೀಟಿ ಬೇಕೆಂದು ಕೇಳಿದರು. ರಿಪೇರಿ ಮುಗಿಯುವ ತನಕ ಚೀಟಿ ಬಿಚ್ಚುವಂತಿಲ್ಲ ಎಂದಳು ಕೀರ್ತಿ. ಕುರ್ಚಿಯನ್ನೇ ಕಾರಿಡಾರಿನ ಝೆರಾಕ್ಸ್ ಯಂತ್ರದವರೆಗೆ ತಳ್ಳಿಕೊಂಡು ಹೋಗಿ ಎರಡೂ ಬದಿಯ ಪ್ರತಿ ತೆಗೆದದ್ದು ಗುಡ್ರುನ್. ಹೊರಡುವಾಗ, ಇದು ಕಚೇರಿಯ ಕುರ್ಚಿಯೆಂದು ಸ್ವರೂಪ್ ನೆನಪಿಸಿದ ಮೇಲೆ ಕೀರ್ತಿ ಯೋಚಿಸಿ, ಚೀಟಿಯನ್ನು ತನ್ನ ಚೀಲದ ಹಿಡಿಗೆ ವರ್ಗಾಯಿಸಿದಳು.

ಜೂನ್‌ನಲ್ಲಿ ತೀರ್ಮಾನ ಬಂತು. ಕೇಳಿದ್ದು ಹದಿನಾರು, ಕೊಟ್ಟದ್ದು ಹದಿನಾಲ್ಕು. ಕೀ ಕೊಡಲು ಶಾಲೆ ಒಪ್ಪಿತ್ತು. ಆ ಭಾನುವಾರ ರಾಜಣ್ಣನವರು, ಬೆಂಡು ಪೂರ್ತಿ ಬಿಟ್ಟಿತಾ ಎಂದು ಮೊಮ್ಮಗಳನ್ನು ಕೇಳಿದರು.

"ಪೂರ್ತಿ ಇಲ್ಲ ತಾತ. ಓಡಿಸ್ಬಹುದು."

ರಜೆಗೆ ಮೊದಲಿನ ಏಳು ವಾರ ಅವಳು ಅಭ್ಯಾಸ ಮಾಡಿದಳು. ಬದಲಾವಣೆಯ ಕಾಗದ ಕೈಗೆ ಬಂದಾಗ ಮೊದಲು ಗುಡ್ರುನ್ ಪಕ್ಕದಲ್ಲಿ ನಡೆದರು, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ಮೆಟ್ಟಿಲ ಕೆಳಗೆ ನಿಂತರು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಎರಡು ಸಲ ಅದು ಕೈಕೊಟ್ಟಿತು. ಎರಡೂ ಸಲ ಕೀರ್ತಿ ಹಿಂದಿನ ದಿನದ ಜಾಗಕ್ಕೆ ಮರಳಿ ಅಲ್ಲಿಂದ ಮತ್ತೆ ಆರಂಭಿಸಿದಳು.

ಅಕ್ಟೋಬರಿನ ಒಂದು ಮಂಗಳವಾರ, ಗುಡ್ರುನ್ ಬಾರದ ದಿನ, ವಂದನಾ ಆಫೀಸಿನಲ್ಲಿ ತಂಡದ ಮುಂದೆ ನಿಂತು ಮಾತಾಡುತ್ತಿದ್ದಾಗ ಫೋನು ಮಿನುಗಿತು. ಅವಳು ಮಾತು ನಿಲ್ಲಿಸಿ ನೋಡಿದಳು. ೨೧೨ ಇಲ್ಲ, ೧೧೮. ಬಂದು ಕೂತಾಯ್ತು, ಎಂದಿತ್ತು.

ಹೃದಯದ ಚಿತ್ರಗಳು ಅರ್ಥವಾಗುವುದಿಲ್ಲ, ಒಂದು ಪದ ಸಾಕೆಂದು ಕೀರ್ತಿ ಎಂದೋ ಹೇಳಿದ್ದಳು. ವಂದನಾ ಸರಿ ಎಂದು ಬರೆದು ಕಳಿಸಿದಳು. ಬಳಿಕ ಕಾಯುತ್ತಿದ್ದ ಹನ್ನೊಂದು ಜನರ ಕಡೆ ತಿರುಗಿ, ನನ್ನ ಮಗಳಿಗೆ ಆಟಿಸಂ ಇದೆ, ಇವತ್ತು ಒಬ್ಬಳೇ ಕೋಣೆ ಬದಲಿಸಿದಳು ಎಂದು ಹೇಳಿ, ನಿಲ್ಲಿಸಿದ ಕಡೆಯಿಂದ ಮಾತು ಮುಂದುವರಿಸಿದಳು.